ಕರಗಿಸದೆ ಹದಗೊಳಿಸುವ ಲೋಹವಿದ್ಯೆ: ಟೈಟಾನಿಯಂ, ಘರ್ಷಣೆ ಮತ್ತು ನಮ್ಮ ಮಕ್ಕಳ ಓದು





ಜಮಾ-ಖರ್ಚಿನ ಪಟ್ಟಿಯನ್ನು ನಿಮ್ಮ ಮುಂದಿಡುವಾಗ, ನಮ್ಮ ನೆರವಿನಿಂದ ಓದುವ ಮಕ್ಕಳು ಏನು ಓದುತ್ತಾರೆ ಎಂಬುದನ್ನೂ ತಿಳಿಸುವುದು ನಮ್ಮ ಕರ್ತವ್ಯ. ವೈದ್ಯಕೀಯ, ನರ್ಸಿಂಗ್, ಬಿ.ಎಡ್., ಕಂಪ್ಯೂಟರ್ ಎಂದರೆ ಯಾರಿಗೂ ವಿವರಣೆ ಬೇಕಾಗುವುದಿಲ್ಲ. ಆದರೆ ಅರ್ಜಿಯಲ್ಲಿ ‘ಟೈಟಾನಿಯಂ ಮಿಶ್ರಲೋಹಗಳ ಘರ್ಷಣಾ ಸಂಸ್ಕರಣೆ’ ಎಂದು ಬರೆದಿದ್ದರೆ, ಇದೇನು ಓದು, ಇದರಿಂದ ಆ ಮನೆಗೂ ನಾಡಿಗೂ ಏನು ಪ್ರಯೋಜನ ಎಂಬ ಪ್ರಶ್ನೆ ಏಳುವುದು ಸಹಜ. ನೀವು ಕೊಟ್ಟ ಹಣ ನಮ್ಮ ಕೈಯಲ್ಲಿರುವ ಅಮಾನತ್. ಅದನ್ನು ಇಂಥ ಓದಿಗೆ ಏಕೆ ಕೊಡಬೇಕೆಂದು ಕೇಳುವ ಹಕ್ಕು ನಿಮಗಿದೆ. ಆದ್ದರಿಂದ ಈ ವರ್ಷದ ತಿಳುವಳಿಕೆ ಲೇಖನಕ್ಕೆ ಇದೇ ವಿಷಯವನ್ನು ಆರಿಸಿಕೊಂಡಿದ್ದೇವೆ.

ಉಜ್ಜಿದರೆ ಹುಟ್ಟುವ ಬಿಸಿ

ಗಿರಣಿಯಿಂದ ಆಗಷ್ಟೇ ಬೀಸಿ ತಂದ ಜೋಳದ ಹಿಟ್ಟಿನ ಡಬ್ಬಿ ಬೆಚ್ಚಗಿರುತ್ತದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಪುಡಿ ಮಾಡಿಸುವವರಿಗೂ ಯಂತ್ರದಿಂದ ಹೊರಬಂದ ಖಾರದ ಪುಡಿ ಬಿಸಿಯಾಗಿರುವುದು ಗೊತ್ತು. ಅಲ್ಲಿ ಒಲೆಯಿಲ್ಲ, ಬೆಂಕಿಯಿಲ್ಲ. ಎರಡು ವಸ್ತುಗಳು ಒತ್ತಡದಲ್ಲಿ ಉಜ್ಜಿದಾಗ ಯಂತ್ರದ ಶಕ್ತಿಯೇ ಬಿಸಿಯಾಗಿ ಬದಲಾಗುತ್ತದೆ. ಇದೇ ಘರ್ಷಣೆಯ ಬಿಸಿ.

ಸಾಮಾನ್ಯವಾಗಿ ಈ ಬಿಸಿ ನಮಗೆ ಬೇಡದ ವಸ್ತು. ಬೇರಿಂಗ್ ಕಾಯ್ದರೆ ಗ್ರೀಸ್ ಹಾಕುತ್ತೇವೆ. ಆದರೆ ಕಾರ್ಖಾನೆಗಳು ಇದನ್ನೇ ಕೆಲಸಕ್ಕೆ ಹಚ್ಚಿ ಬಹಳ ಕಾಲವಾಗಿದೆ. ನಮ್ಮ ಹೊಲಗಳಲ್ಲಿ ಬೋರ್‌ವೆಲ್ ಕೊರೆಯುವ ಲಾರಿಯ ಮೇಲಿರುವ ಉದ್ದನೆಯ ಡ್ರಿಲ್ ರಾಡುಗಳನ್ನು ನೋಡಿ. ಕೊಳವೆಯ ಎರಡೂ ತುದಿಗೆ ಮರೆಯಿರುವ ಗಟ್ಟಿ ಉಕ್ಕಿನ ತುಂಡುಗಳನ್ನು ಜೋಡಿಸಿರುತ್ತಾರೆ. ಈ ಜೋಡಣೆಗೆ ಸಾಮಾನ್ಯವಾಗಿ ಬಳಸುವುದು ಘರ್ಷಣಾ ಬೆಸುಗೆಯನ್ನು. ಒಂದು ತುಂಡನ್ನು ಗಿರಗಿರನೆ ತಿರುಗಿಸಿ ಇನ್ನೊಂದಕ್ಕೆ ಒತ್ತುತ್ತಾರೆ. ಎರಡೂ ಕೆಂಪಗಾಗಿ ಮೆತ್ತಗಾದ ಕೂಡಲೇ ತಿರುಗುವುದನ್ನು ನಿಲ್ಲಿಸಿ ಇನ್ನಷ್ಟು ಒತ್ತುತ್ತಾರೆ. ಲೋಹ ಕರಗಿ ನೀರಾಗುವುದಿಲ್ಲ, ಆದರೂ ಒಂದಾಗುತ್ತದೆ. ಟ್ರ್ಯಾಕ್ಟರ್ ಮತ್ತು ಕಾರಿನ ಎಂಜಿನ್ನುಗಳ ಅನೇಕ ವಾಲ್ವುಗಳಲ್ಲಿ ತಲೆಯ ಭಾಗದ ಉಕ್ಕು ಒಂದು ಜಾತಿಯದು, ಕಡ್ಡಿಯ ಉಕ್ಕು ಇನ್ನೊಂದು ಜಾತಿಯದು. ಅವುಗಳನ್ನು ಕೂಡಿಸುವುದೂ ಹೀಗೆಯೇ.

ಲೋಹದ ಒಳಗಿನ ಕಣಗಳು

ಮುಂದಿನ ಮಾತು ಅರ್ಥವಾಗಲು ಲೋಹದ ಒಳಗೆ ಸ್ವಲ್ಪ ಇಣುಕಬೇಕು. ಹೊರಗಿನಿಂದ ನುಣುಪಾಗಿ, ಒಂದೇ ತುಂಡಿನಂತೆ ಕಾಣುವ ಲೋಹವನ್ನು ಹೊಳಪು ಮಾಡಿ, ಆಮ್ಲದಲ್ಲಿ ತೊಳೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಅದು ಒತ್ತಾಗಿ ಜೋಡಿಸಿದ ಸಾವಿರಾರು ಚಿಕ್ಕ ಕಣಗಳ ರಾಶಿಯೆಂದು ತಿಳಿಯುತ್ತದೆ. ಪ್ರತಿ ಕಣದೊಳಗೆ ಪರಮಾಣುಗಳು ಸಾಲಾಗಿ ನಿಂತಿರುತ್ತವೆ. ಪಕ್ಕದ ಕಣದಲ್ಲಿಯೂ ಸಾಲುಗಳಿವೆ, ಆದರೆ ಅವು ತಿರುಗಿರುವ ದಿಕ್ಕು ಬೇರೆ.

ಲೋಹವನ್ನು ಬಗ್ಗಿಸಿದಾಗ ಈ ಸಾಲುಗಳು ಒಂದರ ಮೇಲೊಂದು ಜಾರುತ್ತವೆ. ಜಾರುತ್ತ ಬಂದ ಸಾಲು ಕಣದ ಅಂಚಿಗೆ ತಲುಪಿದಾಗ ತಡೆಯುತ್ತದೆ, ಏಕೆಂದರೆ ಆಚೆ ಕಡೆಯ ದಿಕ್ಕು ಬೇರೆ. ಕಣಗಳು ದೊಡ್ಡದಾಗಿದ್ದರೆ ಇಂಥ ಅಂಚುಗಳು ಕಡಿಮೆ, ಲೋಹ ಸುಲಭವಾಗಿ ಬಗ್ಗುತ್ತದೆ. ಕಣಗಳು ಸಣ್ಣದಾಗಿದ್ದರೆ ಹೆಜ್ಜೆಗೊಂದು ತಡೆ, ಬಗ್ಗಿಸಲು ಹೆಚ್ಚು ಬಲ ಬೇಕು. 1951ರಲ್ಲಿ ಹಾಲ್ ಮತ್ತು 1953ರಲ್ಲಿ ಪೆಚ್ ಎಂಬ ವಿಜ್ಞಾನಿಗಳು ಈ ಸಂಬಂಧವನ್ನು ಲೆಕ್ಕದ ಸೂತ್ರವಾಗಿ ಕೊಟ್ಟರು. ಇಂದಿಗೂ ಲೋಹಶಾಸ್ತ್ರದ ವಿದ್ಯಾರ್ಥಿಗಳು ಮೊದಲು ಕಲಿಯುವ ಪಾಠಗಳಲ್ಲಿ ಅದೊಂದು.

ಸೂತ್ರ ಹೊಸದಾದರೂ ಅನುಭವ ಹಳೆಯದು. ಕುಲುಮೆಯಲ್ಲಿ ಕುಡವನ್ನು ಕಾಸಿ ಬಡಿಯುವ ಕಮ್ಮಾರನಿಗೆ, ಬಡಿಯದೆ ಬರೀ ಕಾಸಿ ಬಿಟ್ಟ ಕಬ್ಬಿಣ ಕೆಲಸಕ್ಕೆ ಬಾರದೆಂಬುದು ಗೊತ್ತು. ಎಷ್ಟು ಕಾಸಬೇಕು, ಎಷ್ಟು ಬಡಿಯಬೇಕು, ಯಾವಾಗ ನೀರಿಗೆ ಅದ್ದಬೇಕು ಎಂಬುದಕ್ಕೆ ಅವರಾಡುವ ಒಂದೇ ಮಾತು ‘ಹದ’. ಕುರಾನಿನ ಒಂದು ಅಧ್ಯಾಯದ ಹೆಸರೇ ‘ಅಲ್ ಹದೀದ್’, ಅಂದರೆ ಕಬ್ಬಿಣ. ಪ್ರವಾದಿ ದಾವೂದ್ (ಅ) ಅವರಿಗೆ ಕಬ್ಬಿಣವನ್ನು ಮೆದುಗೊಳಿಸಿಕೊಟ್ಟ ಪ್ರಸಂಗವನ್ನು ಮದರಸಾದ ಮಕ್ಕಳೂ ಬಲ್ಲರು. ಧರ್ಮಗ್ರಂಥದಲ್ಲಿ ವಿಜ್ಞಾನದ ಸೂತ್ರ ಹುಡುಕಲು ನಾವು ಇದನ್ನು ಹೇಳುತ್ತಿಲ್ಲ. ಲೋಹದ ಕೆಲಸ ನಮ್ಮ ಪರಂಪರೆಯಲ್ಲಿ ಗೌರವದ ಕೆಲಸ ಎಂಬುದನ್ನು ನೆನಪಿಸಲು ಹೇಳುತ್ತಿದ್ದೇವೆ.

ಟೈಟಾನಿಯಂ ಎಂಬ ಹಟಮಾರಿ ಲೋಹ

ಟೈಟಾನಿಯಂ ಉಕ್ಕಿಗಿಂತ ಬಹಳ ಹಗುರ. ಒಂದು ಘನ ಸೆಂಟಿಮೀಟರ್ ಉಕ್ಕು ಸುಮಾರು 7.8 ಗ್ರಾಂ ತೂಗಿದರೆ ಟೈಟಾನಿಯಂ ಸುಮಾರು 4.5 ಗ್ರಾಂ. ಇದು ತುಕ್ಕು ಹಿಡಿಯುವುದಿಲ್ಲ, ಮನುಷ್ಯನ ದೇಹವೂ ಇದನ್ನು ಒಪ್ಪಿಕೊಳ್ಳುತ್ತದೆ. ಆದ್ದರಿಂದಲೇ ವಿಮಾನದ ಎಂಜಿನ್ನು, ಉಪಗ್ರಹದ ಇಂಧನ ತೊಟ್ಟಿ, ಕೃತಕ ಸೊಂಟದ ಕೀಲು, ಹಲ್ಲಿನ ಇಂಪ್ಲಾಂಟ್, ಮುರಿದ ಮೂಳೆಗೆ ಹಾಕುವ ರಾಡು ಮತ್ತು ಪ್ಲೇಟು ಇವೆಲ್ಲಕ್ಕೂ ಬೇಡಿಕೆ ಇದಕ್ಕೆ. ಹೆಚ್ಚು ಬಳಕೆಯಲ್ಲಿರುವ ಮಿಶ್ರಲೋಹದಲ್ಲಿ ನೂರಕ್ಕೆ 6 ಭಾಗ ಅಲ್ಯೂಮಿನಿಯಂ, 4 ಭಾಗ ವನೇಡಿಯಂ ಇರುತ್ತದೆ. ಕೆಲಸಗಾರರು ಇದನ್ನು ‘ಸಿಕ್ಸ್-ಫೋರ್’ ಎಂದೇ ಕರೆಯುತ್ತಾರೆ.

ಇದರ ಕಚ್ಚಾ ಖನಿಜ ನಮ್ಮ ನೆರೆಯ ಕೇರಳದ ಚವರದ ಕಡಲ ಮರಳಿನಲ್ಲಿದೆ. ಅಲ್ಲಿಯೇ ಟೈಟಾನಿಯಂ ಸ್ಪಂಜು ತಯಾರಿಸುವ ಕಾರ್ಖಾನೆಯೂ ಇದೆ. ಹೈದರಾಬಾದಿನ ಮಿಶ್ರ ಧಾತು ನಿಗಮ ಅದನ್ನು ಕರಗಿಸಿ ಮಿಶ್ರಲೋಹ ಮಾಡುತ್ತದೆ. ಬೆಂಗಳೂರಿನ ವಿಮಾನ ಮತ್ತು ಬಾಹ್ಯಾಕಾಶ ಸಂಸ್ಥೆಗಳಲ್ಲಿ ಅದರ ಬಳಕೆ ಬಹಳ.

ಈ ಲೋಹಕ್ಕೆ ಎರಡು ರೂಪಗಳಿವೆ. ಶುದ್ಧ ಟೈಟಾನಿಯಂ 882 ಡಿಗ್ರಿ ಸೆಲ್ಸಿಯಸ್‌ವರೆಗೆ ‘ಆಲ್ಫಾ’ ಎಂಬ ಜೋಡಣೆಯಲ್ಲಿರುತ್ತದೆ. ಅದಕ್ಕಿಂತ ಹೆಚ್ಚು ಕಾಯಿಸಿದರೆ ಪರಮಾಣುಗಳು ತಾವೇ ಸ್ಥಾನ ಬದಲಿಸಿ ‘ಬೀಟಾ’ ಜೋಡಣೆಗೆ ಬರುತ್ತವೆ. ಸಿಕ್ಸ್-ಫೋರ್‌ನಲ್ಲಿ ಸಾಮಾನ್ಯ ಉಷ್ಣತೆಯಲ್ಲಿಯೇ ಎರಡೂ ಬೆರೆತಿರುತ್ತವೆ. ಸುಮಾರು 995 ಡಿಗ್ರಿ ದಾಟಿದರೆ ಪೂರ್ತಿ ಬೀಟಾ ಆಗುತ್ತದೆ, ತಣಿಯುವಾಗ ಮತ್ತೆ ತೆಳ್ಳನೆಯ ಪದರಗಳಾಗಿ ಒಡೆಯುತ್ತದೆ. ಎಷ್ಟು ಕಾಯಿತು, ಎಷ್ಟು ಬೇಗ ತಣಿಯಿತು ಎಂಬುದರ ಮೇಲೆ ಒಳಗಿನ ಜೋಡಣೆ ಬದಲಾಗುತ್ತದೆ. ಹೀಗಾಗಿ ಒಂದೇ ಮಿಶ್ರಣದ ಎರಡು ತುಂಡುಗಳು ತೂಕದಲ್ಲಿ ಒಂದೇ ಇದ್ದರೂ ತಾಳಿಕೆಯಲ್ಲಿ ಬೇರೆ ಬೇರೆ ಆಗಿರಬಹುದು.

ಎರಕ ಹೊಯ್ದ ಟೈಟಾನಿಯಂ ಭಾಗಗಳ ತೊಂದರೆ ಇಲ್ಲಿಯೇ ಇದೆ. ನಿಧಾನವಾಗಿ ತಣಿಯುವುದರಿಂದ ಕಣಗಳು ಬರಿಗಣ್ಣಿಗೆ ಕಾಣುವಷ್ಟು, ಮಿಲಿಮೀಟರ್ ಗಾತ್ರಕ್ಕೆ ಬೆಳೆದುಬಿಡುತ್ತವೆ. ಎರಕ ಅಗ್ಗ, ಎಂಥ ಆಕಾರವನ್ನೂ ಹೊಯ್ಯಬಹುದು. ಆದರೆ ಪದೇ ಪದೇ ಬೀಳುವ ಭಾರಕ್ಕೆ ಬೇಗ ದಣಿಯುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಿದ್ದರೆ ಒಮ್ಮೆ ತುಂಡಾಗುವುದಲ್ಲ, ಅದೇ ಲೋಹದ ದಣಿವು. ವಿಮಾನದ ಭಾಗಕ್ಕೂ ಕೃತಕ ಕೀಲಿಗೂ ಬರುವ ಅಪಾಯ ಒಂದೇ ಏಟಿನದಲ್ಲ, ಲಕ್ಷಾಂತರ ಚಿಕ್ಕ ಏಟುಗಳದು.

ಕಲಕಿ ಹದಗೊಳಿಸುವ ವಿಧಾನ

1991ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ಬಳಿಯ ವೆಲ್ಡಿಂಗ್ ಸಂಶೋಧನಾ ಸಂಸ್ಥೆಯಲ್ಲಿ ವೇಯ್ನ್ ಥಾಮಸ್ ಮತ್ತು ಸಂಗಡಿಗರು ಒಂದು ಹೊಸ ಬೆಸುಗೆಯನ್ನು ಕಂಡುಹಿಡಿದರು. ಗಟ್ಟಿ ಲೋಹದ ಒಂದು ಉಪಕರಣ, ಅದರ ತುದಿಯಲ್ಲಿ ಗಿಡ್ಡನೆಯ ಮೊಳೆಯಂಥ ಭಾಗ, ಅದರ ಮೇಲೆ ಅಗಲವಾದ ಭುಜ. ಇದನ್ನು ತಿರುಗಿಸುತ್ತ ಎರಡು ತಗಡುಗಳ ಸಂದಿಗೆ ಇಳಿಸಿ ನಿಧಾನವಾಗಿ ಮುಂದೆ ಒಯ್ಯುತ್ತಾರೆ. ಭುಜ ಉಜ್ಜಿ ಬಿಸಿ ಹುಟ್ಟಿಸುತ್ತದೆ, ಮೊಳೆ ಮೆತ್ತಗಾದ ಲೋಹವನ್ನು ಕಲಕುತ್ತದೆ. ಇಲ್ಲಿಯೂ ಲೋಹ ಕರಗುವುದಿಲ್ಲ. ಇದಕ್ಕೆ ಘರ್ಷಣಾ ಕಲಕು ಬೆಸುಗೆ ಎನ್ನಬಹುದು.

1990ರ ದಶಕದ ಕೊನೆಗೆ ಅಮೆರಿಕದಲ್ಲಿದ್ದ ಭಾರತೀಯ ಮೂಲದ ಲೋಹವಿಜ್ಞಾನಿ ರಾಜೀವ್ ಮಿಶ್ರಾ ಮತ್ತು ಸಂಗಡಿಗರು, ಎರಡು ತುಂಡು ಕೂಡಿಸುವ ಉದ್ದೇಶವಿಲ್ಲದೆ ಒಂದೇ ತಗಡಿನ ಮೇಲೆ ಈ ಉಪಕರಣವನ್ನು ಓಡಿಸಿದರು. ಉದ್ದೇಶ, ಬೇಕಾದ ಜಾಗದ ಕಣಗಳನ್ನು ಸಣ್ಣದು ಮಾಡುವುದು. ಇದೇ ಘರ್ಷಣಾ ಕಲಕು ಸಂಸ್ಕರಣೆ.

ರೊಟ್ಟಿ ಬಡಿಯುವ ತಾಯಂದಿರಿಗೆ ಇದು ಬೇಗ ತಿಳಿಯುತ್ತದೆ. ಜೋಳದ ಹಿಟ್ಟನ್ನು ಬಿಸಿನೀರು ಹಾಕಿ ಚೆನ್ನಾಗಿ ನಾದದಿದ್ದರೆ ಬಡಿಯುವಾಗ ಅಂಚು ಬಿರಿಯುತ್ತದೆ. ಹಿಟ್ಟು ಅದೇ, ನೀರು ಅದೇ. ನಾದಿದ ಮೇಲೆ ಮಾತ್ರ ಅದು ತಟ್ಟಿದಂತೆ ಹರಡುತ್ತದೆ. ಲೋಹದಲ್ಲಿ ನಡೆಯುವುದು ಬೇರೆ ಕ್ರಿಯೆಯಾದರೂ, ಹೊಸದೇನನ್ನೂ ಸೇರಿಸದೆ ಒಳಗಿನ ಜೋಡಣೆಯಿಂದಲೇ ಗುಣ ಬದಲಾಗುತ್ತದೆ ಎಂಬ ಮಾತು ಎರಡಕ್ಕೂ ಸಲ್ಲುತ್ತದೆ.

ಟೈಟಾನಿಯಂನಲ್ಲಿ ಏನಾಗುತ್ತದೆ?

ಉಪಕರಣ ಕಲಕುವಾಗ ದೊಡ್ಡ ಕಣಗಳು ಎಳೆದಾಡಿ, ತಿರುಚಿ, ಒಡೆಯುತ್ತವೆ. ಅದೇ ಬಿಸಿಯಲ್ಲಿ ಅವುಗಳ ಜಾಗದಲ್ಲಿ ಹೊಸ, ಚಿಕ್ಕ ಕಣಗಳು ಹುಟ್ಟುತ್ತವೆ. ಉಪಕರಣ ಮುಂದೆ ಸರಿದ ಕೂಡಲೇ ಆ ಜಾಗ ತಣಿಯುವುದರಿಂದ ಅವು ಮತ್ತೆ ಬೆಳೆಯಲು ಸಮಯ ಸಿಗುವುದಿಲ್ಲ.

ಇಲ್ಲಿ ನಿರ್ಣಾಯಕವಾದುದು ಮೇಲೆ ಹೇಳಿದ 995 ಡಿಗ್ರಿಯ ಗೆರೆ. ಬಿಸಿ ಆ ಗೆರೆಯ ಕೆಳಗೇ ಇದ್ದರೆ, ಎರಕದ ಒರಟು ಪದರಗಳು ಹೋಗಿ ಸುಮಾರು ಒಂದು ಮೈಕ್ರಾನ್ ಗಾತ್ರದ ದುಂಡನೆಯ ಆಲ್ಫಾ ಕಣಗಳು ಉಳಿಯುತ್ತವೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ, ತಲೆಗೂದಲಿನ ದಪ್ಪಕ್ಕಿಂತ ಹತ್ತಾರು ಪಟ್ಟು ಚಿಕ್ಕದು. ಬಿಸಿ ಗೆರೆ ದಾಟಿದರೆ ಕಲಕಿದ ಭಾಗ ಬೀಟಾ ಆಗಿ, ತಣಿಯುವಾಗ ಮತ್ತೆ ಪದರಗಳಾಗುತ್ತದೆ. ಆ ಪದರಗಳು ಮೊದಲಿನವುಗಳಿಗಿಂತ ತೆಳ್ಳಗಿದ್ದರೂ ಗುಣ ಬೇರೆ. ಉಪಕರಣದ ಸುತ್ತು ಹೆಚ್ಚಿಸಿದರೆ ಬಿಸಿ ಏರುತ್ತದೆ, ಮುಂದೆ ಸಾಗುವ ವೇಗ ಹೆಚ್ಚಿಸಿದರೆ ಇಳಿಯುತ್ತದೆ. ಈ ಎರಡನ್ನು ಹೊಂದಿಸುವುದೇ ಇಲ್ಲಿಯ ಹದ.

ಅಮೆರಿಕದ ಓಹಿಯೊ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಎರಕದ ಸಿಕ್ಸ್-ಫೋರ್ ಮೇಲೆ ಈ ಪ್ರಯೋಗದ ವಿವರಗಳನ್ನು ಪ್ರಕಟಿಸಿದರು. ಕಣ ಸಣ್ಣದಾದ ಭಾಗದಲ್ಲಿ ದಣಿವಿನ ಬಿರುಕು ಹುಟ್ಟುವುದು ಕಷ್ಟವಾಗುತ್ತದೆ. ಆದರೆ ಇದಕ್ಕೆ ಇನ್ನೊಂದು ಮುಖವಿದೆ. ಒಮ್ಮೆ ಬಿರುಕು ಹುಟ್ಟಿತೆಂದರೆ, ಒರಟು ಪದರಗಳಿರುವ ಲೋಹದಲ್ಲಿ ಅದು ಅಂಕುಡೊಂಕಾಗಿ ಸಾಗಬೇಕಾಗಿ ನಿಧಾನವಾಗುತ್ತದೆ. ನುಣುಪು ಕಣಗಳ ನಡುವೆ ಅದರ ದಾರಿ ನೇರ. ಅಂದರೆ ಇಡೀ ತುಂಡನ್ನು ಸಣ್ಣ ಕಣಗಳದ್ದಾಗಿ ಮಾಡುವುದು ಯಾವಾಗಲೂ ಲಾಭವಲ್ಲ. ದಣಿವಿನ ಬಿರುಕು ಹೆಚ್ಚಾಗಿ ಹುಟ್ಟುವುದು ಮೇಲ್ಮೈಯಲ್ಲಿ. ಆದ್ದರಿಂದ ಮೇಲಿನ ಕೆಲವು ಮಿಲಿಮೀಟರನ್ನು ಮಾತ್ರ ಕಲಕಿ, ಒಳಗನ್ನು ಇದ್ದಂತೆ ಬಿಟ್ಟರೆ ಎರಡೂ ಗುಣ ಒಂದೇ ತುಂಡಿನಲ್ಲಿ ಸಿಗುತ್ತವೆ. ಇದು ಈ ವಿಧಾನದ ನಿಜವಾದ ಬಲ.

ಮೇಲ್ಮೈಯಲ್ಲಿ ಸಣ್ಣ ರಂಧ್ರ ಕೊರೆದು, ಗಟ್ಟಿ ಪುಡಿಯನ್ನೋ ಮೂಳೆಯ ಖನಿಜವನ್ನು ಹೋಲುವ ಪುಡಿಯನ್ನೋ ತುಂಬಿ ಕಲಕುವ ಪ್ರಯೋಗಗಳೂ ನಡೆದಿವೆ. ಮೊದಲನೆಯದು ಸವೆತ ತಡೆಯಲು, ಎರಡನೆಯದು ಇಂಪ್ಲಾಂಟಿಗೆ ಮೂಳೆ ಚೆನ್ನಾಗಿ ಅಂಟಿಕೊಳ್ಳಲೆಂದು.

ತೊಡಕುಗಳೂ ಇವೆ. ಟೈಟಾನಿಯಂ ಬಿಸಿಯನ್ನು ಬಹಳ ನಿಧಾನವಾಗಿ ಸಾಗಿಸುತ್ತದೆ. ಹೀಗಾಗಿ ಬಿಸಿಯೆಲ್ಲ ಉಪಕರಣದ ಬುಡದಲ್ಲೇ ನಿಲ್ಲುತ್ತದೆ. ಅಲ್ಯೂಮಿನಿಯಂ ಕಲಕಲು ಸಾಕಾಗುವ ಉಕ್ಕಿನ ಉಪಕರಣ ಇಲ್ಲಿ ತಾನೇ ಮೆತ್ತಗಾಗುತ್ತದೆ, ದುಬಾರಿ ಟಂಗ್‌ಸ್ಟನ್ ಮಿಶ್ರಲೋಹದ ಉಪಕರಣ ಬೇಕು. ಅದೂ ಸವೆದು, ಅದರ ಚೂರು ಕೆಲವೊಮ್ಮೆ ಟೈಟಾನಿಯಂನೊಳಗೆ ಸೇರುತ್ತದೆ. ಇನ್ನೊಂದು, ಕಾದ ಟೈಟಾನಿಯಂ ಗಾಳಿಯ ಆಮ್ಲಜನಕವನ್ನು ಹೀರಿ ಪೆಡಸಾಗುತ್ತದೆ. ಆದ್ದರಿಂದ ಕೆಲಸ ನಡೆಯುವ ಜಾಗಕ್ಕೆ ಆರ್ಗಾನ್ ಅನಿಲದ ಹೊದಿಕೆ ಕೊಡಬೇಕು. ಆರ್ಗಾನ್ ವೆಲ್ಡಿಂಗ್ ಮಾಡುವ ನಮ್ಮ ಯುವಕರಿಗೆ ಈ ಮಾತು ಹೊಸದಲ್ಲ.

ಬೆಂಗಳೂರಿನಲ್ಲಿ ನಡೆದ ಕೆಲಸ

ಇದೆಲ್ಲ ವಿದೇಶದ ಮಾತೆಂದು ತಿಳಿಯಬೇಕಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ನಮ್ಮ ಜನ ‘ಟಾಟಾ ಇನ್‌ಸ್ಟಿಟ್ಯೂಟ್’ ಎನ್ನುವ ಜಾಗದಲ್ಲಿ, ಯಂತ್ರಶಾಸ್ತ್ರ ವಿಭಾಗದ ಪ್ರೊ. ಸತೀಶ್ ವಾಸು ಕೈಲಾಸ್ ಅವರು ಘರ್ಷಣೆ ಮತ್ತು ಸವೆತದ ಮೇಲೆ ದೀರ್ಘಕಾಲ ಕೆಲಸ ಮಾಡಿದ್ದಾರೆ. 2008ರಲ್ಲಿ ಅವರೂ ಅವರ ವಿದ್ಯಾರ್ಥಿ ಕೆ. ಕುಮಾರ್ ಅವರೂ ಅಲ್ಯೂಮಿನಿಯಂ ಮಿಶ್ರಲೋಹದ ಮೇಲೆ ಮಾಡಿದ ಪ್ರಯೋಗ ಸರಳವೂ ಜಾಣ್ಮೆಯದೂ ಆಗಿತ್ತು. ಉಪಕರಣ ಮುಂದೆ ಸಾಗಿದಂತೆ ಅದರ ಒತ್ತಡ ಹೆಚ್ಚುತ್ತ ಹೋಗುವಂತೆ ಮಾಡಿ, ಒಂದೇ ಓಟದಲ್ಲಿ ಎಲ್ಲ ಹಂತಗಳನ್ನೂ ನೋಡಿದರು. ಲೋಹ ಎರಡು ರೀತಿಯಲ್ಲಿ ಹರಿಯುತ್ತದೆ, ಒಂದನ್ನು ಮೊಳೆ ತಳ್ಳುತ್ತದೆ, ಇನ್ನೊಂದನ್ನು ಭುಜ ಎಳೆಯುತ್ತದೆ, ಎರಡೂ ಹರಿವುಗಳು ಕೂಡಿಕೊಂಡಾಗ ಮಾತ್ರ ಒಳಗೆ ಪೊಳ್ಳು ಉಳಿಯುವುದಿಲ್ಲ ಎಂದು ತೋರಿಸಿದರು.

ಅದೇ ಸಂಸ್ಥೆಯಲ್ಲಿ ಅಮ್ಲಾನ್ ಕರ್, ಪ್ರೊ. ಸತ್ಯಂ ಸುವಾಸ್ ಮತ್ತು ಪ್ರೊ. ಕೈಲಾಸ್ ಅವರು ಅಲ್ಯೂಮಿನಿಯಂ ಮತ್ತು ಟೈಟಾನಿಯಂ ಎರಡನ್ನೂ ಈ ವಿಧಾನದಿಂದ ಕೂಡಿಸುವ ಕೆಲಸ ಮಾಡಿ, 2018ರ ಹೊತ್ತಿಗೆ ಫಲಿತಾಂಶ ಪ್ರಕಟಿಸಿದರು. ಈ ಎರಡು ಲೋಹ ಬಿಸಿಯಲ್ಲಿ ಕೂಡಿದರೆ ನಡುವೆ ಗಾಜಿನಂತೆ ಪೆಡಸಾದ ಸಂಯುಕ್ತ ಹುಟ್ಟುತ್ತದೆ. ಅದು ದಪ್ಪವಾದರೆ ಬೆಸುಗೆ ಒಡೆಯುತ್ತದೆ. ಅವರು ನಡುವೆ ಸತುವಿನಂಥ ಬೇರೆ ಲೋಹದ ತೆಳು ಪದರ ಇಟ್ಟು ನೋಡಿದರು. ಒಂದೇ ಗೆರೆಯ ಮೇಲೆ ಉಪಕರಣವನ್ನು ಎರಡು ಸಲ ಓಡಿಸಿಯೂ ನೋಡಿದರು. ಎರಡನೆಯ ಓಟದಿಂದ ಬೆಸುಗೆಯ ಬಲವೂ ಹಿಗ್ಗುವ ಗುಣವೂ ಜೊತೆಯಲ್ಲಿಯೇ ಸುಧಾರಿಸಿದವು. ಸಾಮಾನ್ಯವಾಗಿ ಒಂದು ಹೆಚ್ಚಿದರೆ ಇನ್ನೊಂದು ಕಡಿಮೆಯಾಗುವ ಗುಣಗಳಿವು.

ಪಾಲಕರಿಗೆ ನಮ್ಮ ಮಾತು

ನಮ್ಮ ಮೂರು ಊರುಗಳಲ್ಲಿ ಗ್ಯಾರೇಜು, ಲೇತ್, ವೆಲ್ಡಿಂಗ್ ಅಂಗಡಿ, ಬೋರ್‌ವೆಲ್ ರಿಪೇರಿ ಮಾಡಿಕೊಂಡು ಬದುಕುವ ಮನೆಗಳು ಬಹಳ. ಆ ಮನೆಯ ಮಗನಿಗೆ ಲೋಹ ಎಷ್ಟು ಕಾದರೆ ಯಾವ ಬಣ್ಣ, ಎಲ್ಲಿ ಬಿರುಕು ಬರುತ್ತದೆ ಎಂಬ ತಿಳುವಳಿಕೆ ಹತ್ತನೇ ತರಗತಿಗೆ ಮೊದಲೇ ಬಂದಿರುತ್ತದೆ. ಆದರೆ ಓದು ಬಹುಪಾಲು ಐಟಿಐ ಅಥವಾ ಡಿಪ್ಲೊಮಾಕ್ಕೆ ನಿಲ್ಲುತ್ತದೆ. ಕೈಗೆ ಕೆಲಸ ಬಂದಿದೆ, ಇನ್ನು ದುಡಿಯಲಿ ಎಂಬ ಲೆಕ್ಕ ತಪ್ಪಲ್ಲ. ಮನೆ ನಡೆಯಬೇಕು. ನಾವು ಹೇಳುವುದಿಷ್ಟೇ, ಆ ತಿಳುವಳಿಕೆಗೆ ಮುಂದಿನ ದಾರಿಯೂ ಇದೆ.

ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ಬಿ.ಇ. ಎರಡನೇ ವರ್ಷಕ್ಕೆ ಸೇರಬಹುದು. ಹಾವೇರಿಯ ದೇವಗಿರಿಯಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು, ರಾಣೇಬೆನ್ನೂರಿನಲ್ಲಿ ತರಳಬಾಳು ಜಗದ್ಗುರು ತಾಂತ್ರಿಕ ಕಾಲೇಜು ಇವೆ. ಲೋಹಶಾಸ್ತ್ರವನ್ನೇ ಓದಬೇಕೆನ್ನುವವರಿಗೆ ಸುರತ್ಕಲ್ಲಿನ ಎನ್‌ಐಟಿಯಲ್ಲಿ ಪ್ರತ್ಯೇಕ ವಿಭಾಗವಿದೆ. ಬಿ.ಇ. ನಂತರ ಗೇಟ್ ಪರೀಕ್ಷೆಯಲ್ಲಿ ಅರ್ಹರಾಗಿ ಕೇಂದ್ರದ ಸಂಸ್ಥೆಗಳಲ್ಲಿ ಎಂ.ಟೆಕ್. ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವೇತನ ದೊರೆಯುತ್ತದೆ. ಪಿಎಚ್.ಡಿ. ಸೇರಿದವರಿಗೆ 2023ರ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಇದೆ. ಅಂದರೆ ಮನೆಯವರ ಕೈಯಿಂದ ಖರ್ಚಾಗುವುದು ಮುಖ್ಯವಾಗಿ ಬಿ.ಇ. ಮುಗಿಯುವವರೆಗೆ, ಮತ್ತು ಗೇಟ್‌ಗೆ ಓದುವ ಆ ಒಂದು ವರ್ಷ. ಹೆಚ್ಚಿನ ಮಕ್ಕಳು ಕೈಬಿಡುವುದು ಆ ಒಂದು ವರ್ಷದಲ್ಲಿಯೇ.

ಹೆಣ್ಣುಮಕ್ಕಳ ಪಾಲಕರಿಗೂ ಒಂದು ಮಾತು. ಈ ವಿದ್ಯೆಯ ದೊಡ್ಡ ಭಾಗ ನಡೆಯುವುದು ಪ್ರಯೋಗಾಲಯದಲ್ಲಿ, ಸೂಕ್ಷ್ಮದರ್ಶಕ ಮತ್ತು ಕಂಪ್ಯೂಟರ್ ಮುಂದೆ. ಲೋಹ ಎಂದ ಕೂಡಲೇ ಸುತ್ತಿಗೆಯ ಕೆಲಸವೆಂದು ತಿಳಿದು ಮಗಳ ಅರ್ಜಿಯನ್ನು ತಡೆಯಬೇಡಿ.

ದಾನಿಗಳಿಗೆ

ಝಕಾತ್ ಹಣವನ್ನು ಅದಕ್ಕೆ ಅರ್ಹರಾದ ಬಡ ಮನೆಗಳ ವಿದ್ಯಾರ್ಥಿಗಳಿಗೆ ಮಾತ್ರ ಕೊಡುತ್ತೇವೆ. ಅದರ ಲೆಕ್ಕವನ್ನು ಸದ್ಕಾ ಮತ್ತು ಇತರ ದೇಣಿಗೆಯ ಲೆಕ್ಕದಿಂದ ಬೇರೆಯಾಗಿಯೇ ಇಡುತ್ತೇವೆ. ಇಂಥ ದೀರ್ಘ ಓದಿನ ಫಲ ಒಂದೇ ವರ್ಷದ ವರದಿಯಲ್ಲಿ ಕಾಣುವುದಿಲ್ಲ. ಆದ್ದರಿಂದ ಸಾಧ್ಯವಿರುವ ದಾನಿಗಳು ಒಬ್ಬ ವಿದ್ಯಾರ್ಥಿಯನ್ನು ಓದು ಮುಗಿಯುವವರೆಗೆ, ವರ್ಷ ವರ್ಷವೂ ನೋಡಿಕೊಳ್ಳುವ ಜವಾಬ್ದಾರಿ ವಹಿಸಿಕೊಂಡರೆ ಹೆಚ್ಚು ಉಪಕಾರವಾಗುತ್ತದೆ. ನಡುವೆ ನಿಂತ ನೆರವಿನಿಂದ ನಡುವೆಯೇ ಓದು ನಿಲ್ಲುತ್ತದೆ.

ವಿದ್ಯಾರ್ಥಿವೇತನ ಪ್ರಕಟಣೆ

ಹಾವೇರಿ, ರಾಣೇಬೆನ್ನೂರು ಮತ್ತು ಬ್ಯಾಡಗಿ ತಾಲೂಕುಗಳ ಐಟಿಐ, ಡಿಪ್ಲೊಮಾ, ಬಿ.ಇ., ಬಿ.ಎಸ್ಸಿ. ವಿದ್ಯಾರ್ಥಿಗಳು ಹಾಗೂ ಗೇಟ್ ಪರೀಕ್ಷೆಗೆ ಓದುತ್ತಿರುವವರು ಅರ್ಜಿ ಸಲ್ಲಿಸಬಹುದು. ಅರ್ಜಿಯ ಜೊತೆ ಇವುಗಳಿರಲಿ:

1. ಹಿಂದಿನ ತರಗತಿಯ ಅಂಕಪಟ್ಟಿಯ ಪ್ರತಿ
2. ತಹಶೀಲ್ದಾರರಿಂದ ಪಡೆದ ಆದಾಯ ಪ್ರಮಾಣಪತ್ರ
3. ಕಾಲೇಜಿನ ಪ್ರವೇಶ ರಸೀದಿ ಮತ್ತು ಶುಲ್ಕದ ವಿವರ
4. ವಿದ್ಯಾರ್ಥಿಯ ಹೆಸರಿನಲ್ಲಿರುವ ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟದ ಪ್ರತಿ
5. ಬೇರೆ ವಿದ್ಯಾರ್ಥಿವೇತನ ಅಥವಾ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲ ಪಡೆದಿದ್ದರೆ ಅದರ ವಿವರ
6. ಏನು ಓದಬೇಕೆಂದಿದ್ದೀರಿ, ಏಕೆ ಎಂಬುದನ್ನು ವಿದ್ಯಾರ್ಥಿಯೇ ತನ್ನ ಕೈಯಾರೆ ಬರೆದ ಒಂದು ಪುಟ

ಬೇರೆ ನೆರವು ಪಡೆದವರ ಅರ್ಜಿಯನ್ನು ಅದೊಂದೇ ಕಾರಣಕ್ಕೆ ತಳ್ಳಿಹಾಕುವುದಿಲ್ಲ, ಕೊರತೆ ಎಷ್ಟಿದೆಯೋ ಅಷ್ಟನ್ನು ನೋಡುತ್ತೇವೆ. ಅರ್ಜಿ ನಮೂನೆ ಟ್ರಸ್ಟಿನ ಕಚೇರಿಯಲ್ಲಿ ಸಿಗುತ್ತದೆ, ಕೊನೆಯ ದಿನಾಂಕವನ್ನು ಮೂರೂ ಊರುಗಳ ಮಸೀದಿಗಳ ಸೂಚನಾ ಫಲಕದಲ್ಲಿ ಹಾಕಲಾಗುವುದು. ಅರ್ಜಿ ತುಂಬಲು ತೊಂದರೆಯಿರುವ ಪಾಲಕರು ಮಗನನ್ನೋ ಮಗಳನ್ನೋ ಕರೆದುಕೊಂಡು ಕಚೇರಿಗೆ ಬನ್ನಿ, ಕುಳಿತು ತುಂಬಿಕೊಡುತ್ತೇವೆ.



ಟ್ರಸ್ಟಿನ ಶಿಕ್ಷಣ ಸಮಿತಿ